ಮೇಲಿನ ಮಾತು ಕೆಳಗೆ ಕೇಳಬಾರದು

ಜೋರಾಗಿ ಮಾತಾಡಲು ಬಾರದ ನಾನು ಹೊಟ್ಟೆಪಾಡಿಗೆ ಆರಿಸಿಕೊಂಡದ್ದು ಸದ್ದು ಮಾಡುವ ಕೆಲಸ. ಒಂದು ಮನೆಯಲ್ಲಿ ಕಿವಿ ತೂತಾಗುವಂಥ ಗದ್ದಲ ಎಬ್ಬಿಸಿ, ಅದರಲ್ಲಿ ಎಷ್ಟು ಕೆಳಗಿನ ಮನೆಗೆ ದಾಟಿತೆಂದು ಅಳೆಯುವುದು. ಕಟ್ಟಡದ ನಿಯಮ ಕೇಳಿದಷ್ಟು ಸದ್ದನ್ನು ನೆಲ ತಡೆದರೆ ಪಾಸು. ತಡೆಯದಿದ್ದರೆ ಅಲ್ಲಿ ಯಾರೂ ಸಂಸಾರ ಹೂಡುವಂತಿಲ್ಲ. ಪದವಿ ಮುಗಿಸಿ ಈ ಕೆಲಸಕ್ಕೆ ಸೇರಿದ ಮೇಲೆ ನಾನು ಒಬ್ಬಳೇ ಹೋದ ಮೊದಲ ಪರೀಕ್ಷೆ ಓಲ್ವೆನ್ ಅಜ್ಜಿಯ ಮನೆಯದು.

ಅದು ಮೊದಲು ಮೀನು ಕರಿದು ಮಾರುವ ಅಂಗಡಿಯಾಗಿತ್ತು. ಕಾರ್ಡಿಗನ್ ಕೊಲ್ಲಿಯ ದಡದ ನಮ್ಮ ಪಟ್ಟಣದಲ್ಲಿ ಅಲ್ಲಿ ತಿನ್ನದವರಿಲ್ಲ. ಕೆಳಗೆ ಕರಿಯುತ್ತಿದ್ದರು, ಗಿರಾಕಿಗಳು ಮೇಲೆ ಕಡಲು ನೋಡುತ್ತ ಕೂತು ತಿನ್ನುತ್ತಿದ್ದರು. ಗಂಡ ಟೋಮೋಸ್ ತೀರಿಕೊಂಡ ಮೇಲೆ ಅಜ್ಜಿ ಒಲೆ ಆರಿಸಿದಳು. ಮನೆ ಕಟ್ಟುವ ಮೇಸ್ತ್ರಿಯಾದ ಮಗ ಗೆಥಿನ್ ಅಂಗಡಿಯನ್ನೇ ಎರಡು ಮನೆ ಮಾಡಿದ. ಕೆಳಗಿನದು ತಾಯಿಗೆ, ಮೇಲಿನದು ತುಂಬು ಬಸುರಿಯಾದ ತನ್ನ ಮಗಳು ನೆರಿಸ್‌ಗೆ. ನೆರಿಸ್ ಮತ್ತು ಅವಳ ಗಂಡ ಸ್ಟೆಫಾನ್ ಶನಿವಾರ ಬಾಡಿಗೆಮನೆ ಬಿಡಬೇಕಿತ್ತು. ನಾನು ಹೋದದ್ದು ಗುರುವಾರ.

"ಬಾರಮ್ಮ ಬಾ," ಅಂದ ಗೆಥಿನ್, ನಾನು ಗಾಡಿಯಿಂದ ಇಳಿಸುತ್ತಿದ್ದ ಸ್ಪೀಕರ್ ನೋಡಿ. "ಇದೇನು, ನಮ್ಮನೇಲಿ ಮದುವೆ ಅಂದ್ಕೊಂಡ್ಯಾ?"

ಅವನೇ ಸ್ಪೀಕರ್ ಎತ್ತಿಕೊಂಡು ಮೇಲೆ ತಂದು, ಮನೆಯನ್ನು ಹೆಮ್ಮೆಯಿಂದ ತೋರಿಸಿದ. ಮುಂದಿನ ಕೋಣೆಯ ಮೂಲೆಯಲ್ಲಿ ಮೊಣಕಾಲೆತ್ತರಕ್ಕೆ ಹಸಿರು ಬಣ್ಣದ ಪುಟ್ಟ ಮರದ ಬಾಗಿಲೊಂದಿತ್ತು. ಅಂಗಡಿಯಿದ್ದಾಗ ಕೆಳಗಿನಿಂದ ತಟ್ಟೆಗಳನ್ನು ಹಗ್ಗದಲ್ಲಿ ಎಳೆದು ಮೇಲೇರಿಸುತ್ತಿದ್ದ ಗೂಡಿನ ಬಾಗಿಲು ಅದು.

"ಕಿತ್ತು ಹಾಕೋಣ ಅಂದ್ರೆ ಅಮ್ಮ ಬಿಡಲಿಲ್ಲ. ಅಪ್ಪ ಮಾಡಿದ ಬಾಗಿಲು. ಅದಕ್ಕೇ ಮೊಳೆ ಹೊಡೆದು ಹಾಗೇ ಬಿಟ್ಟಿದೀನಿ. ಒಳಗಿನ ಗೂಡಿಗೆ ಮಾತ್ರ ಕೆಳಗಿನಿಂದ ಸದ್ದು ಹೀರ್ಕೊಳ್ಳೋ ಉಣ್ಣೆಯಂಥ ಹಾಸು ಗಿಡಿದು ತುಂಬಿದೀನಿ."

ಪರೀಕ್ಷೆಯ ಹೊತ್ತಿಗೆ ಮನೆಯೆಲ್ಲ ನಿಶ್ಶಬ್ದವಾಗಿರಬೇಕು. ಅದನ್ನು ಹೇಳಬೇಕಾದವಳು ನಾನು.

"ಸ್ವಲ್ಪ ಹೊತ್ತು ಎಲ್ರೂ ಸುಮ್ನಿರ್ಬೇಕು," ಅಂದೆ.

"ಏನಂದೆ?"

"ಸುಮ್ನಿರ್ಬೇಕು."

"ಆಂ?"

"ಬಾಯಿ ಮುಚ್ಕೋಬೇಕಂತೆ ಅಪ್ಪಾ!" ರಟ್ಟಿನ ಡಬ್ಬಿಯ ಮೇಲೆ ಕೂತಿದ್ದ ನೆರಿಸ್ ಕೂಗಿದಳು. ಸೂರಿನ ಮೇಲಿದ್ದ ಕಡಲಹಕ್ಕಿಗಳು ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ಅವು ಜಗಳ ಮುಗಿಸುವವರೆಗೆ ಕಾದು ಶುರುಮಾಡಿದೆ.

ಮೊದಲು ಸುತ್ತಿಗೆ ಯಂತ್ರ. ನೆಲದ ಮೇಲೆ ಇಟ್ಟರೆ ಅದರ ಪುಟಾಣಿ ಸುತ್ತಿಗೆಗಳು ಟಕಟಕನೆ ಕುಟ್ಟುತ್ತವೆ, ಎತ್ತರ ಹಿಮ್ಮಡಿಯ ಬೂಟು ಹಾಕಿಕೊಂಡವರು ಮೇಲೆ ಓಡಾಡಿದ ಹಾಗೆ. ಕೆಳಗೆ ಅಜ್ಜಿಯ ಕೋಣೆಯಲ್ಲಿ ಮೀಟರ್ ಹಿಡಿದು ನಿಂತೆ. ಸದ್ದು ಇದೆಯೋ ಇಲ್ಲವೋ ಅನ್ನುವಷ್ಟು. ಗೆಥಿನ್ ನನಗಿಂತ ಮೊದಲೇ ಹಲ್ಲು ಕಿರಿದ.

ಆಮೇಲೆ ಸ್ಪೀಕರ್, ಗಾಳಿಯಲ್ಲಿ ಹಾಯುವ ಮಾತು-ಹಾಡಿನ ಸದ್ದಿಗೆ. ಮೇಲೆ ಅದು ಜಲಪಾತದಂತೆ ಭೋರ್ಗರೆಯಿತು. ಕೆಳಗೆ ಮೀಟರ್‌ನ ಅಂಕಿ ನಿಯಮದ ಮಿತಿ ದಾಟಿ ಏರಿತು. ಮತ್ತೊಮ್ಮೆ ಅಳೆದೆ. ಅದೇ.

"ಫೇಲ್," ಅಂದೆ. ಈ ಸಲ ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು.

ಗೆಥಿನ್‌ನ ಮುಖ ಇಳಿದುಹೋಯಿತು. "ನೆಲ ಪೂರ್ತಿ ಕೀಳಬೇಕಾ? ವಾರಗಟ್ಟಲೆ ಆಗುತ್ತಲ್ಲೋ ದೇವ್ರೇ. ಇವಳು ಶನಿವಾರ ಎಲ್ಲಿಗೆ ಹೋಗ್ಬೇಕು?"

"ಗಾಡೀಲೇ ಹೆರ್ತೀನಿ ಬಿಡಪ್ಪ," ಅಂದಳು ನೆರಿಸ್. ನಗಲು ನೋಡಿದಳು, ಆಗಲಿಲ್ಲ. ಗೆಥಿನ್ ಅವಳನ್ನು ಕರೆದುಕೊಂಡು ಗಾಳಿಗೆಂದು ದಂಡೆಯ ಕಡೆ ಹೋದ.

ನನಗೆ ಮಾತ್ರ ಲೆಕ್ಕ ಕೂಡುತ್ತಿರಲಿಲ್ಲ. ನೆಲ ಕೆಟ್ಟದ್ದಾಗಿದ್ದರೆ ಸುತ್ತಿಗೆಯ ಸದ್ದೂ ದಾಟಬೇಕಿತ್ತು. ಹೆಜ್ಜೆ ದಾಟದೆ ಮಾತು ಮಾತ್ರ ದಾಟುತ್ತಿದೆ ಎಂದರೆ ನೆಲದ ತಪ್ಪಲ್ಲ, ಎಲ್ಲೋ ಒಂದು ತೂತು ಇರಬೇಕು. ಮೇಲೆ ಹೋಗಿ ಗೋಡೆಯ ಬುಡವನ್ನೆಲ್ಲ ತಡವುತ್ತಿದ್ದೆ. ಆಗ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ ಅಜ್ಜಿಯ ದನಿ ಕೇಳಿಸಿತು. ಅವಳು ಕೆಳಗೆ ತಂಗಿಯ ಜೊತೆ ಫೋನಿನಲ್ಲಿದ್ದಳು.

"ಪಾಪದ ಹುಡುಗಿ ಕಣೇ. ಜೋರು ಗಾಳಿ ಬೀಸಿದ್ರೆ ಹಾರಿಹೋಗ್ತಾಳೆ. ಬೆಳಗ್ಗಿಂದ ಏನಾದ್ರೂ ತಿಂದಿದಾಳೋ ಇಲ್ವೋ... ಯಾರು, ಸ್ಟೆಫಾನಾ? ಅವನ ಸುದ್ದಿ ಎತ್ಬೇಡ. ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರಲ್ಲ, ಟೀ ಮಾಡಿದ್ರೆ ನಾಯಿ ಮೂಸಲ್ಲ. ನನ್ನ ಮೊಮ್ಮಗಳು ಅದೇನು ಕಂಡು ಕಟ್ಕೊಂಡಳೋ!"

ದನಿ ಬರುತ್ತಿದ್ದುದು ಆ ಹಸಿರು ಬಾಗಿಲಿನಿಂದ. ಮಂಡಿಯೂರಿ, ಬಾಗಿಲಿನ ಸಂದಿಗೆ ಬಾಯಿಟ್ಟು ಹೇಳಿದೆ:

"ತಿಂದಿದೀನಿ ಅಜ್ಜಿ."

ಕೆಳಗೆ ಫೋನು ಕುಕ್ಕಿದ ಸದ್ದು. ಆಮೇಲೆ ನಡುಗುವ ದನಿ: "ಯಾರದು?"

"ನಾನೇ. ಸದ್ದಿನ ಹುಡುಗಿ."

ಕೆಳಗೆ ಹೋದಾಗ ಅಜ್ಜಿ ಗೋಡೆಬೀರುವಿಗೆ ಬೆನ್ನು ಕೊಟ್ಟು, ಕಳ್ಳ ಬೆಕ್ಕಿನಂತೆ ನಿಂತಿದ್ದಳು. ನಾನು ಏನೂ ಕೇಳಲಿಲ್ಲ, ಸುಮ್ಮನೆ ನಿಂತೆ. ನನಗೆ ಚೆನ್ನಾಗಿ ಬರುವುದು ಅದೊಂದೇ. ಕೊನೆಗೆ ಅವಳೇ ಬೀರು ತೆರೆದಳು. ಟೀಪುಡಿಯ ಡಬ್ಬಿಗಳ ಹಿಂದೆ ತಟ್ಟೆಗೂಡು ಕಪ್ಪಗೆ ಬಾಯಿ ತೆರೆದುಕೊಂಡಿತ್ತು. ಹಾಸಿನ ಒಂದು ಎಳೆಯೂ ಇರಲಿಲ್ಲ.

"ಹಾಸೆಲ್ಲ ಎಲ್ಲಿ ಅಜ್ಜಿ?"

"ಹಿಂದುಗಡೆ ಮನೆ ಮೇಷ್ಟ್ರಿಗೆ ಕೊಟ್ಟೆ, ಕೋಳಿಗೂಡಿಗೆ. ಪಾಪ, ಚಳೀಲಿ ಮೊಟ್ಟೇನೇ ಇಡ್ತಿರಲಿಲ್ಲ ಅವು."

ನಾನು ನೋಡುತ್ತಲೇ ಇದ್ದೆ.

"ಆಯ್ತಮ್ಮ, ಹೇಳ್ತೀನಿ. ಇದ್ರಲ್ಲಿ ಮೇಲಿನವರ ಮಾತು ಕೇಳಿಸ್ಕೊಂಡೇ ನನ್ನ ಆಯುಷ್ಯ ಕಳೀತು. ಟೋಮೋಸ್ ಮೇಲಿಂದ ಒಂದು ಕೂಗು ಹಾಕ್ತಿದ್ದ, ನಾನು ತಟ್ಟೆ ಏರಿಸ್ತಿದ್ದೆ. ನಾಳೆ ಮೇಲೆ ಕೂಸು ಅತ್ರೆ ನನಗೆ ಗೊತ್ತಾಗೋದು ಬೇಡ್ವಾ? ತಲೆ ಮೇಲೇ ಮರಿಮಗು ಇದ್ದೂ ನಾನು ಕಿವುಡಿ ಥರ ಕೂತಿರ್ಬೇಕಾ?" ಅವಳು ನನ್ನ ತೋಳು ಹಿಡಿದಳು. "ಗೆಥಿನ್‌ಗೆ ಹೇಳ್ಬೇಡ ಕಣೇ. ಸುಮ್ನೆ ಪಾಸು ಅಂತ ಬರೆದುಬಿಡು."

ಬರೆಯುವಂತಿರಲಿಲ್ಲ. ಹೇಳದಿದ್ದರೆ ಗೆಥಿನ್ ಒಳ್ಳೆಯ ನೆಲವನ್ನು ಕಿತ್ತು ಹಾಕುತ್ತಿದ್ದ. ಸಾಮಾನ್ಯವಾಗಿ ನನಗೆ ಸರಿಯಾದ ಮಾತು ಹೊಳೆಯುವುದು ರಾತ್ರಿ ದಿನಚರಿ ಬರೆಯುವಾಗ, ಎಲ್ಲರೂ ಮನೆಗೆ ಹೋದ ಮೇಲೆ. ಅವತ್ತು ಹೇಗೋ ಹೊತ್ತಿಗೆ ಸರಿಯಾಗಿ ಹೊಳೆಯಿತು.

"ಅಜ್ಜಿ, ಇದ್ರಲ್ಲಿ ಮೇಲಿನ ಮಾತು ಕೆಳಗಷ್ಟೇ ಬರಲ್ಲ. ಕೆಳಗಿನದೂ ಮೇಲೆ ಹೋಗುತ್ತೆ."

"ಹೋಗ್ಲಿ ಬಿಡು, ನನ್ನದೇನು ಗುಟ್ಟು?"

"ಫೋನಲ್ಲಿ ನೀವು ಅಂದಿದ್ದು ನನಗೆ ಪೂರ್ತಿ ಕೇಳಿಸ್ತು. ಶನಿವಾರದಿಂದ ಅಲ್ಲಿ ಸ್ಟೆಫಾನ್ ಇರ್ತಾರೆ."

ಅಜ್ಜಿಯ ಕೈ ಸಡಿಲವಾಯಿತು. "ಪೂರ್ತಿ ಅಂದ್ರೆ?"

"ಮೊಳೆ ವಿಷಯ. ಟೀ ವಿಷಯ. ನಾಯಿ ವಿಷಯ."

ಅವಳು ಬೀರುವಿನ ಬಾಗಿಲು ದಡಾರನೆ ಮುಚ್ಚಿದಳು. ಆಮೇಲೆ ಕಿಟಕಿ ತೆರೆದು, ದಂಡೆಯವರೆಗೂ ಕೇಳುವಂತೆ ಕೂಗಿದಳು: "ಗೆಥಿನ್! ಬಾರೋ ಇಲ್ಲಿ! ಈ ತೂತು ಮೊದಲು ಮುಚ್ಚು!"

ಓಡಿಬಂದು ಕೋಳಿಗೂಡಿನ ಕಥೆ ಕೇಳಿ ಗೆಥಿನ್ ಬೈದ, ನೆರಿಸ್ ನಕ್ಕಳು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಾಗ ಎಲ್ಲರೂ ಗಾಬರಿಯಾದೆವು. "ಏನಿಲ್ಲ, ನಗು ಅಷ್ಟೇ," ಅಂದಳು. ಗೆಥಿನ್ ಮೇಷ್ಟರ ಕೋಳಿಗೂಡಿಗೆ ಹೋಗಿ ಹಾಸುಗಳನ್ನು ವಾಪಸು ತಂದ. ಅವು ಪುಕ್ಕ ಅಂಟಿಸಿಕೊಂಡು ಬಂದಿದ್ದವು, ಒಂದರ ಮಡಿಕೆಯಲ್ಲಿ ಬೆಚ್ಚನೆಯ ಮೊಟ್ಟೆಯೂ ಇತ್ತು.

"ಕೋಳಿಗಳು ನನ್ನ ಹಿಂದೇನೇ ಬೇಲಿವರೆಗೂ ಬಂದ್ವು," ಅಂದ. "ಇದನ್ನ ತುಂಬಲ್ಲ ಕಣಮ್ಮ, ನಿಯಮಕ್ಕೂ ವಾಸನೆಗೂ ಆಗಿಬರಲ್ಲ. ಹೊಸದು ನನ್ನ ಗಾಡೀಲಿದೆ." ಕೊಳಕು ಹಾಸುಗಳು ಮರಳಿ ಕೋಳಿಗಳಿಗೇ ಹೋದವು. ಗೂಡಿಗೆ ಹೊಸ ಹಾಸು ತುಂಬಿ, ಎರಡು ಪದರ ಹಲಗೆ ಬಡಿದು, ಸಂದಿಗೆಲ್ಲ ಮೇಣದಂಥ ಗಮ್ ಹಚ್ಚುವಷ್ಟರಲ್ಲಿ ಟೀ ಹೊತ್ತಾಗಿತ್ತು.

ಮತ್ತೆ ಸ್ಪೀಕರ್ ಹಾಕಿದೆ. ಕೆಳಗೆ ಮೀಟರ್ ಹಿಡಿದು ನಿಂತರೆ, ಅಜ್ಜಿ ಬೀರುವಿನ ಹಲಗೆಗೆ ಕಿವಿಯಾನಿಸಿ ಕಣ್ಣು ಮುಚ್ಚಿದ್ದಳು.

"ಪಾಸು," ಅಂದೆ.

ಗೆಥಿನ್ ನನ್ನನ್ನು ಎತ್ತಿ ತಿರುಗಿಸುವುದೊಂದು ಬಾಕಿ. ಅಜ್ಜಿ ಮಾತ್ರ ಕಿವಿ ತೆಗೆಯಲಿಲ್ಲ. "ಏನೂ ಇಲ್ಲ," ಅಂದಳು. "ಉಸಿರೂ ಇಲ್ಲ."

ಬಾಗಿಲ ಪಕ್ಕದ ಮೊಳೆಯಲ್ಲಿ ಅಂಗಡಿಯ ಹಳೆಯ ಹಿತ್ತಾಳೆ ಗಂಟೆ ತೂಗುತ್ತಿತ್ತು, ಗಿರಾಕಿ ಬಂದರೆ ಬಾರಿಸುತ್ತಿದ್ದದ್ದು. ನಾನು ಅದನ್ನೇ ನೋಡುತ್ತಿದ್ದೆ.

"ಅಜ್ಜಿ, ನಿಯಮ ಇರೋದು ನೆಲಕ್ಕೆ, ಗೋಡೆಗೆ," ಅಂದೆ. "ಕಿಟಕಿ ಹೊರಗೆ ಒಂದು ಹಗ್ಗ ಇಳಿಬಿಟ್ರೆ ಯಾರೂ ಅಳೆಯೋಕೆ ಬರಲ್ಲ."

ನಾನು ಸಾಮಾನೆಲ್ಲ ಗಾಡಿಗೆ ತುಂಬುವಷ್ಟರಲ್ಲಿ ಗಂಟೆ ಅಜ್ಜಿಯ ಕಿಟಕಿಯ ಹೊರಗೆ ಏರಿತ್ತು. ಅದರ ಹಗ್ಗದ ತುದಿ ಮೇಲಿನ ಕಿಟಕಿಯಲ್ಲಿ, ನೆರಿಸ್‌ಳ ಕೈಯಲ್ಲಿತ್ತು. ಗಂಟೆಗೆ ಮೊಳೆ ಹೊಡೆದವನು ಆಗಷ್ಟೇ ಕೆಲಸ ಮುಗಿಸಿ ಬಂದ ಸ್ಟೆಫಾನ್. ಮೊಳೆ ಸೊಟ್ಟಗಿತ್ತು. ಅಜ್ಜಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ತುಟಿ ಬಿಗಿಹಿಡಿದಳು.

ನೆರಿಸ್ ಹಗ್ಗ ಜಗ್ಗಿದಳು. ಗಂಟೆ ಢಣಢಣ ಬಡಿದುಕೊಂಡಿತು, ಸೂರಿನ ಹಕ್ಕಿಗಳೆಲ್ಲ ಹಾರಿಹೋದವು. ಬೀದಿಯವರೆಲ್ಲ ತಲೆಯೆತ್ತಿ ನೋಡಿದರು.

"ಏಯ್ ಸದ್ದಿನ ಹುಡುಗೀ," ಅಜ್ಜಿ ಕಿಟಕಿಯಿಂದ ತಲೆ ಹಾಕಿ ಕೂಗಿದಳು, "ನಿನಗಲ್ಲಿ ಕೇಳಿಸ್ತಾ?"

ಬೀದಿಯೆಲ್ಲ ಈಗ ನನ್ನ ಕಡೆ ತಿರುಗಿತ್ತು. ಕೆನ್ನೆ ಬಿಸಿಯಾಯಿತು.

"ಕೇಳಿಸ್ತು ಅಜ್ಜೀ!" ಎಂದು ನಾನೂ ಕೂಗಿದೆ.