ಶನಿವಾರದ ಷರಾ

ನನ್ನ ಕೆಲಸ ನೀರು ನೋಡುವುದು. ತಮಾಷೆಯಲ್ಲ, ಅದಕ್ಕೇ ಸಂಬಳ ಕೊಡುತ್ತಾರೆ. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಹೊಳೆಯ ಮೆಟ್ಟಿಲಿಳಿದು, ಕಂಬಕ್ಕೆ ಬಡಿದ ಅಳತೆಪಟ್ಟಿಯಲ್ಲಿ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡಿ ಟ್ಯಾಬಿನಲ್ಲಿ ತುಂಬಬೇಕು. ಎರಡು ಮೀಟರ್ ಹದಿನಾಲ್ಕು. ಎರಡು ಮೀಟರ್ ಹದಿನಾಲ್ಕು. ಎರಡು ಮೀಟರ್ ಹದಿಮೂರು. ಇಪ್ಪತ್ತಾರು ವರ್ಷದಿಂದ ಹೀಗೆಯೇ. ಮೊದಲು ರಿಜಿಸ್ಟರ್ ಇತ್ತು, ಆಮೇಲೆ ಟ್ಯಾಬ್ ಬಂತು. ನೀರು ಮಾತ್ರ ಅದೇ.

ಇರುವುದಕ್ಕೆ ದಡದ ಮೇಲೆ ತಗಡಿನ ಮಾಡಿನ ಒಂದು ಕೋಣೆ. ಮಂಚ, ಸ್ಟೌ, ಗೂಟಕ್ಕೆ ನೇತುಹಾಕಿದ ರೇನ್‌ಕೋಟು, ಮೂತಿ ಮುರಿದ ಕೆಟಲು. ಹತ್ತಿರದ ಮನೆಗೆ ಎರಡು ಗಂಟೆಯ ದಾರಿ. ಮದುವೆಯೂ ಆಗಿತ್ತು, ಹನ್ನೊಂದು ತಿಂಗಳ ಮಟ್ಟಿಗೆ. "ನಿಮ್ಮ ಬಾಯಲ್ಲಿ ಬರೋದು ಎರಡೇ ಮಾತು, ನೀರು ಏರಿತು, ನೀರು ಇಳೀತು" ಎಂದು ಹೇಳಿ ಆಕೆ ಪೆಟ್ಟಿಗೆ ಕಟ್ಟಿದಳು. ತಪ್ಪು ಅವಳದಲ್ಲ. ನಾನು ಬಾಯಿ ಬಿಟ್ಟು ಮಾತಾಡುವವನಲ್ಲ. ಆದರೆ ಬರೆಯಲು ಕೊಟ್ಟರೆ ನಿಲ್ಲಿಸುವವನೂ ಅಲ್ಲ, ಅದು ತಿಳಿದದ್ದು ಟ್ಯಾಬ್ ಬಂದ ಮೇಲೆ.

ಕೋಣೆಗೆ ಇಂಟರ್‌ನೆಟ್ ಸಿಗುವುದಿಲ್ಲ. ತುಂಬಿದ್ದೆಲ್ಲ ಟ್ಯಾಬಿನ ಹೊಟ್ಟೆಯಲ್ಲೇ ಉಳಿಯುತ್ತದೆ. ಶನಿವಾರ ಮಧ್ಯಾಹ್ನದ ಅಳತೆ ಮುಗಿಸಿ, ಹಿಂದಿನ ಗುಡ್ಡ ಮುಕ್ಕಾಲು ಗಂಟೆ ಹತ್ತಿದರೆ ಒಂದು ಚಪ್ಪಟೆ ಬಂಡೆ ಸಿಗುತ್ತದೆ. ಆ ಬಂಡೆಯ ಮೇಲೆ ನಿಂತರೆ ಎರಡು ಕಡ್ಡಿ ಸಿಗ್ನಲ್, ಕೂತರೆ ಒಂದು. ಅಲ್ಲಿ ನಿಂತು ಸಿಂಕ್ ಒತ್ತಿದರೆ ಹಸಿರು ಚಕ್ರ ತಿರುಗುತ್ತದೆ, ವಾರದ ಅಳತೆಗಳೆಲ್ಲ ಕಚೇರಿಯ ಕೋಷ್ಟಕಕ್ಕೆ ಹೋಗಿ ಸೇರುತ್ತವೆ. ಅದಾದ ಮೇಲೆ ಅಕ್ಕನಿಗೆ ಫೋನು.

"ಅಲ್ಲಿ ಯಾರ ಹತ್ರ ಮಾತಾಡ್ತೀಯೋ?" ಎಂದು ಅಕ್ಕ ಪ್ರತಿ ಶನಿವಾರ ತಪ್ಪದೆ ಕೇಳುತ್ತಾಳೆ.

"ಷರಾ ಹತ್ರ."

"ಯಾವಳೋ ಅವಳು?"

ಯಾವಳೂ ಅಲ್ಲ. ಟ್ಯಾಬಿನ ಆಪ್‌ನಲ್ಲಿ ಒಂದೊಂದು ಅಳತೆ ಠಾಣೆಗೂ ಒಂದೊಂದು ಪುಟವಿದೆ, ಆ ಪುಟದ ಬುಡದಲ್ಲಿ ಷರಾ ಎಂಬ ಒಂದು ಖಾಲಿ ಚೌಕ. ಪಟ್ಟಿಯ ಬಣ್ಣ ಹೋಗಿದೆ, ಮೆಟ್ಟಿಲು ಕುಸಿದಿದೆ, ಇಂಥದ್ದನ್ನು ಬರೆಯಲೆಂದು ಅದನ್ನು ಇಟ್ಟದ್ದು. ಹೋದ ವರ್ಷ ಒಂದು ದಿನ ನಾನು ಅದರಲ್ಲಿ, "ಕಂಬದ ಮೇಲೆ ಕೂರುವ ಕೊಕ್ಕರೆ ಮೂರು ದಿನದಿಂದ ಬಂದಿಲ್ಲ" ಎಂದು ಬರೆದೆ. ಕಚೇರಿಯವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು ಅನ್ನಿಸಿತು, ಯಾರೋ ಓದಿದಂತಾಗುತ್ತಿತ್ತು.

ಬರೆಯುವುದನ್ನಂತೂ ಮರುದಿನದಿಂದಲೇ ಹಿಡಿದಿದ್ದೆ, ದಿನಕ್ಕೊಂದು ಸಾಲು, ಹಿಂದಿನ ಸಾಲಿನ ಕೆಳಗೆ. "ಕೊಕ್ಕರೆ ಬಂತು, ಕಾಲು ಕುಂಟುತ್ತಿದೆ." "ಕೆಟಲಿನ ಮೂತಿ ಮುರಿಯಿತು. ಚಹಾ ಈಗ ಎಲ್ಲ ಕಡೆಯಿಂದಲೂ ಬೀಳುತ್ತದೆ." "ಇವತ್ತು ನನಗೆ ಐವತ್ತನಾಲ್ಕು ತುಂಬಿತು. ಸಂಜೆಯ ಅಳತೆ ಆದ ಮೇಲೆ ನೆನಪಾಯಿತು." ಒಂದು ವಾರ ಜ್ವರ ಬಂದು ಮಲಗಿದ್ದಾಗಲೂ ಬಿಡಲಿಲ್ಲ: "ಜ್ವರ. ಆದರೂ ಮೂರು ಹೊತ್ತೂ ಇಳಿದೆ."

ಶನಿವಾರ ಚಕ್ರ ನಿಂತ ಕೂಡಲೇ ಚೌಕದ ಬುಡ ನೋಡುತ್ತಿದ್ದೆ, ಯಾರಾದರೂ ಏನಾದರೂ ಬರೆದಿದ್ದಾರೆಯೇ ಎಂದು. ನನ್ನ ಸಾಲುಗಳೇ, ನಾನು ಬರೆದ ಹಾಗೆಯೇ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಪಾಡು. ಒಂದು ಸಲ ರೇಗಿ, "ಇದನ್ನು ಓದುವ ಪ್ರಾಣಿ ಯಾವುದಾದರೂ ಆ ಕಚೇರಿಯಲ್ಲಿ ಇದೆಯೇ?" ಎಂದೂ ಬರೆದೆ. ಮುಂದಿನ ಶನಿವಾರ ಬಂಡೆಯ ಮೇಲೆ ನಿಂತು ನೋಡಿದರೆ ಅದರ ಕೆಳಗೂ ಏನಿಲ್ಲ. ಅವತ್ತು ಗುಡ್ಡ ಇಳಿಯುವಾಗ ನನಗೆ ನಿಜವಾಗಿ ದುಃಖವಾಯಿತು. ಮನುಷ್ಯ ಒಬ್ಬನೇ ಇರಬಲ್ಲ. ಕೂಗಿದರೆ ಓಗೊಡುವವರಿಲ್ಲ ಎಂದು ಖಾತ್ರಿಯಾದರೆ ಇರುವುದು ಕಷ್ಟ. ಆದರೂ ಬರೆಯುವುದನ್ನು ಬಿಡಲಿಲ್ಲ, ಹುಟ್ಟುಗುಣ ಸುಟ್ಟರೂ ಹೋಗದು.

ಈ ಸಲ ಟ್ಯಾಬಿನ ಬ್ಯಾಟರಿ ಊದಿಕೊಂಡಿತು. ಬಂಡೆಯ ಮೇಲಿಂದ ಕಚೇರಿಗೆ ಫೋನು ಮಾಡಿದೆ, ಬದಲಾಯಿಸಿಕೊಳ್ಳಲು ಬಾ ಎಂದರು. ಬದಲಿ ಆಳು ಬಂದಮೇಲೆ ಎರಡು ಬಸ್ಸು ಹಿಡಿದು ಹೋದೆ. ಆರು ವರ್ಷದ ನಂತರ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೆ. ಟ್ಯಾಬ್ ರಿಪೇರಿಯವನು ಮೊದಲನೇ ಮಹಡಿಯ ಮೂಲೆಯಲ್ಲಿ, ತಂತಿಗಳ ರಾಶಿಯ ನಡುವೆ ಕೂತು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದ. ನನ್ನ ಠಾಣೆಯ ಸಂಖ್ಯೆ ಹೇಳಿದೆ. ಅವನು ಬಿಸ್ಕತ್ತು ಮುಳುಗಿದ್ದನ್ನೂ ಮರೆತು ನನ್ನನ್ನೇ ನೋಡಿದ.

"ಓ, ರಬ್ಬರ್ ನೀವೇನಾ?"

"ಏನಂದ್ರಿ?"

"ಬೇಜಾರ್ ಮಾಡ್ಕೋಬೇಡಿ ಸಾರ್. ಇಲ್ಲಿ ನಿಮ್ಗೆ ಅದೇ ಹೆಸರು. ಅವರು ಬರೆಯೋದು, ನೀವು ಅಳಿಸೋದು. ಅಲ್ಲಾ, ಏನ್ ಸಾರ್ ಜಗಳ ಇತ್ತು ನಿಮ್ಗೂ ತಾಳೆಯಮ್ಮಂಗೂ?"

ನನಗೆ ಒಂದೂ ಅರ್ಥವಾಗಲಿಲ್ಲ. ತಾಳೆಯಮ್ಮ ಎಂದರೆ ಎಲ್ಲ ಠಾಣೆಗಳ ಅಂಕಿಗಳನ್ನು ತಾಳೆ ನೋಡುತ್ತಿದ್ದ ಹೆಂಗಸು, ಕಿಟಕಿ ಪಕ್ಕದ ಮೇಜು ಎಂದು ಅವನೇ ಬಿಡಿಸಿ ಹೇಳಿದ. ನಾನು ಆಕೆಯನ್ನು ನೋಡಿಯೇ ಇಲ್ಲ, ನನಗೆ ಯಾರೂ ಏನೂ ಬರೆದಿಲ್ಲ, ನಾನು ಯಾರದನ್ನೂ ಅಳಿಸಿಲ್ಲ ಎಂದೆ. ಧ್ವನಿ ಜೋರಾಗಿರಬೇಕು, ಪಕ್ಕದ ಮೇಜಿನವರು ತಿರುಗಿ ನೋಡಿದರು.

ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ನೀವು ವಾರಕ್ಕೊಂದ್ ಸಲ ಸಿಂಕ್ ಮಾಡೋದಾ?"

"ಶನಿವಾರ."

"ಷರಾದಲ್ಲಿ ದಿನಾ ಬರೀತೀರಾ? ಒಂದಿನಾನೂ ಬಿಡದೆ?"

"ದಿನಾ."

ಅವನ ಮುಖ ಬದಲಾಯಿತು. "ಅಯ್ಯೋ ಸಾರ್," ಎಂದ. "ನಿಮ್ದು ಹಳೇ ಟ್ಯಾಬು. ಅದು ಮೊದ್ಲು ತನ್ ಹತ್ರ ಇರೋದನ್ನ ಮೇಲಕ್ಕೆ ಏರಿಸತ್ತೆ, ಆಮೇಲೆ ಇಲ್ಲಿರೋದನ್ನ ಇಳಿಸ್ಕೊಳತ್ತೆ. ಚೌಕ ಒಂದೇ, ಕೊನೇಲಿ ಯಾರು ಕಳಿಸ್ತಾರೋ ಅವರದೇ ಉಳಿಯೋದು. ಸೋಮವಾರ ಅವರು ನಿಮ್ಮ ಸಾಲಿನ ಕೆಳಗೆ ಬರೆದಿರ್ತಿದ್ರು. ಶನಿವಾರ ನಿಮ್ದು ಬಂದು ಅದರ ಮೇಲೇ ಕೂತ್ಕೊಳ್ತಿತ್ತು, ಅವರ ಸಾಲು ಹೋಯ್ತು. ನಿಮ್ಗೆ ಕಾಣೋದೇ ಇಲ್ಲ."

"ಕಾಣಬೇಕಂದ್ರೆ ಏನು ಮಾಡಬೇಕಿತ್ತು?"

"ಏನೂ ಮಾಡ್ಬೇಕಿರ್ಲಿಲ್ಲ. ಒಂದು ವಾರ ಬರೀದೇ ಸುಮ್ನಿದ್ದಿದ್ರೆ ಸಾಕಿತ್ತು. ಏರಿಸೋಕೆ ಹೊಸದೇನೂ ಇರ್ತಿರ್ಲಿಲ್ಲ, ಅವರದು ತಾನಾಗೇ ಇಳಿದು ಬಂದಿರೋದು."

ಮಾತು ಬೆಳ್ಳಿ, ಮೌನ ಬಂಗಾರ. ಜೀವಮಾನವಿಡೀ ಬಾಯಿ ಮುಚ್ಚಿಕೊಂಡೇ ಇದ್ದವನು ನಾನು. ಮುಚ್ಚಬೇಕಿದ್ದ ಆ ಒಂದು ವಾರ ಮುಚ್ಚಲಿಲ್ಲ.

ಹಳೆಯ ಪ್ರತಿಗಳೆಲ್ಲ ಕಚೇರಿಯ ಕಂಪ್ಯೂಟರಿನಲ್ಲಿ ಉಳಿದಿರುತ್ತವಂತೆ. ಅವನು ಅವುಗಳನ್ನು ತೆರೆದುಕೊಟ್ಟು ತನ್ನ ಕುರ್ಚಿಯನ್ನೂ ಬಿಟ್ಟುಕೊಟ್ಟ. ಸೋಮವಾರ ಹತ್ತೂಕಾಲು, ಆಕೆ. ಶನಿವಾರ ಒಂದೂವರೆ, ನಾನು. ಸೋಮವಾರ ಆಕೆ, ಶನಿವಾರ ನಾನು. ನಲವತ್ತೊಂದು ಸೋಮವಾರಗಳು.

ಮೊದಲನೆಯದು: "ಕೊಕ್ಕರೆ ವಾಪಸ್ ಬಂತೇ? ತಿಳಿಸಿ."

ಎರಡನೆಯದು: "ಹೋದ ವಾರ ನಾನು ಬರೆದದ್ದನ್ನು ಅಳಿಸಿದ್ದೀರಿ. ಕೇಳಬಾರದಿತ್ತೇನೋ. ಕೊಕ್ಕರೆ ಬಂದದ್ದು ಸಂತೋಷ."

"ಕೆಟಲಿನ ಮೂತಿಗೆ ರಬ್ಬರ್ ಕೊಳವೆ ಸಿಕ್ಕಿಸಿ ನೋಡಿ. ನಮ್ಮ ಮನೆಯಲ್ಲಿ ಹಾಗೇ ನಡೆಯುತ್ತಿದೆ, ಆರು ವರ್ಷದಿಂದ."

"ಐವತ್ತನಾಲ್ಕು ಒಂದು ವಯಸ್ಸೇ? ನನಗೆ ಅರವತ್ತು ಹತ್ತಿರ. ತಡವಾಗಿ ಶುಭಾಶಯ."

"ಜ್ವರವಿದ್ದರೆ ಒಂದು ಹೊತ್ತು ಇಳಿಯದಿದ್ದರೂ ನಡೆಯುತ್ತದೆ. ಅಂಕಿ ನಾನು ನೋಡಿಕೊಳ್ಳುತ್ತೇನೆ. ಇದನ್ನು ಮೇಲಿನವರಿಗೆ ಹೇಳಬೇಡಿ."

ಓದುವ ಪ್ರಾಣಿ ಯಾವುದಾದರೂ ಇದೆಯೇ ಎಂದು ನಾನು ರೇಗಿದ್ದೆನಲ್ಲ, ಅದರ ಕೆಳಗೆ: "ಇದೆ. ಎರಡು ಕಾಲು, ಒಂದು ಕನ್ನಡಕ."

ನಗು ಬಂತು, ಆ ಅಪರಿಚಿತ ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ನಕ್ಕೆ. ಮುಂದಿನದನ್ನು ಎರಡು ಸಲ ಓದಿದೆ. "ಪ್ರತಿ ವಾರ ಅಳಿಸುತ್ತೀರಿ. ಮನೆಯಲ್ಲಿ ಸಂಜೆ ಮಾತಾಡಲು ಯಾರೂ ಇಲ್ಲದ್ದರಿಂದ ಇಲ್ಲಿ ಬರೆಯುತ್ತೇನೆ, ತಪ್ಪು ತಿಳಿಯಬೇಡಿ. ಅಳಿಸಿದರೂ ಪರವಾಗಿಲ್ಲ. ಅಳಿಸುವ ಮೊದಲು ಓದಿರುತ್ತೀರಲ್ಲ, ನನಗೆ ಅಷ್ಟು ಸಾಕು."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವನು ನಾನೇ. ಹುಡುಕಿದ್ದಷ್ಟೇ ಅಲ್ಲ, ವಾರವಾರವೂ ಗುಡ್ಡ ಹತ್ತಿ ಹೋಗಿ ಆ ಕೂಸಿನ ಬಾಯಿ ಮುಚ್ಚಿದ್ದೆ.

ಆಕೆಯ ಕೊನೆಯ ಪ್ರತಿ ಎಂಟು ವಾರದ ಹಿಂದಿನದು. ಅದರ ಬುಡದಲ್ಲಿ ಎರಡೇ ಸಾಲು: "ಇವತ್ತು ನನ್ನ ನಿವೃತ್ತಿ. ಇದೊಂದನ್ನು ದಯವಿಟ್ಟು ಅಳಿಸಬೇಡಿ."

ಪ್ರತಿಗಳ ಪಟ್ಟಿಯಲ್ಲಿ ಅದರ ನಂತರದ್ದು ಶನಿವಾರ ಒಂದೂವರೆ ಎಂದಿತ್ತು. ನಾನು.

ಕಿಟಕಿ ಪಕ್ಕದ ಮೇಜು ಎಲ್ಲಿ ಎಂದು ಕೇಳಿದೆ. ರಿಪೇರಿಯವನು ತೋರಿಸಿದ. ಖಾಲಿ ಮೇಜು, ಗಾಜಿನ ಕೆಳಗೆ ಹಳೆಯ ಕ್ಯಾಲೆಂಡರು, ಕುರ್ಚಿಯ ಮೇಲೆ ಯಾರೋ ಪ್ರಿಂಟರಿನ ಡಬ್ಬ ಇಟ್ಟಿದ್ದರು. ಅವನು ಆಕೆಯ ಹಳೆಯ ನಂಬರಿಗೆ ಸ್ಪೀಕರ್ ಹಾಕಿ ಫೋನು ಮಾಡಿದ. ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದಿತು. ಬಾಡಿಗೆ ಮನೆ ಬಿಟ್ಟು ತಂಗಿಯ ಊರಿಗೆ ಹೋದರಂತೆ, ಯಾವ ಊರು ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಒಟ್ಟಿಗೆ ಕೂತವರು. ಪಿಂಚಣಿ ವಿಭಾಗದವನು ವಿಳಾಸ ಕೊಡುವ ಹಾಗಿಲ್ಲ ಎಂದ. ಕಾಗದ ಬರೆದುಕೊಟ್ಟರೆ ಕಳಿಸುತ್ತೀರಾ ಎಂದರೆ ಅದಕ್ಕೂ ನಿಯಮವಿಲ್ಲ ಎಂದು ಕಿಟಕಿ ಎಳೆದುಕೊಂಡ.

ವಾಪಸ್ ಬಂದಾಗ ರಿಪೇರಿಯವನು ಹೊಸ ಟ್ಯಾಬ್ ಸಿದ್ಧ ಮಾಡಿಟ್ಟಿದ್ದ. "ಇದು ಮೊದ್ಲು ಇಳಿಸತ್ತೆ, ಆಮೇಲೆ ಏರಿಸತ್ತೆ. ಇನ್ಮೇಲೆ ಯಾರದೂ ಅಳಿಸಿ ಹೋಗಲ್ಲ ಸಾರ್."

"ಆ ಕೊನೇ ಪ್ರತಿಯನ್ನ ಚೌಕಕ್ಕೆ ವಾಪಸ್ ಹಾಕೋಕಾಗತ್ತಾ?"

"ಆಗತ್ತೆ. ಆದ್ರೆ ಅದಾದ್ಮೇಲೆ ಎಂಟು ವಾರ ನೀವು ಬರೆದಿದ್ದೆಲ್ಲ ಹೋಗತ್ತೆ. ಬೇಡ ಬಿಡಿ, ಅವರ ಸಾಲನ್ನ ನಕಲು ಮಾಡಿ ಕೆಳಗಡೆ ಅಂಟಿಸ್ತೀನಿ, ಎರಡೂ ಇರಲಿ."

"ಬೇಡ. ನನ್ನದು ಅಳಿಸಿ."

ಅವನು ಗುಂಡಿ ಒತ್ತಿದ. ಐವತ್ತಾರು ಸಾಲು ಹೋದವು. ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಕೆಗೆ ನಲವತ್ತು ಸಲ ಹೀಗೆಯೇ ಆಗಿರಬೇಕು. ಉಳಿದ ನಲವತ್ತು ಸೋಮವಾರಗಳನ್ನು ಅಲ್ಲೇ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಕಚೇರಿಯ ಬಾಗಿಲು ಹಾಕುವವರೆಗೂ.

ಆ ವಾರ ಅಳತೆ ಬಿಟ್ಟು ಬೇರೇನೂ ತುಂಬಲಿಲ್ಲ. ಕೆಟಲಿನ ಮೂತಿಗೆ ರಬ್ಬರ್ ಕೊಳವೆ ಸಿಕ್ಕಿಸಿದೆ. ಚಹಾ ಈಗ ಒಂದೇ ಕಡೆಯಿಂದ ಬೀಳುತ್ತದೆ. ಅದನ್ನು ಹೇಳಲು ಬೆರಳು ತುರಿಸಿತು, ತಡೆದುಕೊಂಡೆ.

ಶನಿವಾರ ಬಂಡೆಯ ಮೇಲೆ ನಿಂತು ಮೊದಲು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅಷ್ಟು ಹೊತ್ತು ನಾನು ಫೋನಿನಲ್ಲಿ ಯಾವತ್ತೂ ಮಾತಾಡಿದವನಲ್ಲ.  ಕೊನೆಗೆ, "ಅಂತೂ ಒಬ್ಬರು ಸಿಕ್ಕಿದ್ರು ನಿಂಗೆ. ಅವರನ್ನೂ ಕಳ್ಕೊಂಡೆಯಲ್ಲೋ" ಎಂದಳು. ಬೈದದ್ದಲ್ಲ.

ಸಿಂಕ್ ಒತ್ತಿದೆ. ಹಸಿರು ಚಕ್ರ ತಿರುಗಿ ನಿಂತಿತು. ಚೌಕದ ಬುಡದಲ್ಲಿ ಆಕೆಯ ಎರಡು ಸಾಲು ಹಾಗೆಯೇ ಇದ್ದವು. ಇಷ್ಟು ದಿನ ಓದುವವರಿಲ್ಲ ಎಂದುಕೊಂಡು ಬರೆಯುತ್ತಿದ್ದೆ, ಓದುವವರಿದ್ದರು. ಈಗ ಆ ಕುರ್ಚಿಯ ಮೇಲಿರುವುದು ಪ್ರಿಂಟರಿನ ಡಬ್ಬ ಎಂದು ಕಣ್ಣಾರೆ ನೋಡಿ ಬಂದಿದ್ದೇನೆ. ಆದರೂ ಆಕೆಯ ಸಾಲಿನ ಕೆಳಗೆ ಬೆರಳಿಟ್ಟು, "ಅಳಿಸಿಲ್ಲ" ಎಂದು ಬರೆದು ಕಳಿಸಿದೆ.