ಕಿತ್ತು ನೆಟ್ಟ ಸೂರ್ಯಕಾಂತಿ

ನನ್ನ ವಾರಗಿತ್ತಿ ಸುಮನಾ ಏನು ಮಾಡಿದರೂ ಚೆಂದವೇ. ಅವಳು ಉಪ್ಪಿಟ್ಟು ಮಾಡಿದರೆ ನಮ್ಮತ್ತೆ ಮಹಾಲಕ್ಷ್ಮಮ್ಮ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ನಾನು ಹನ್ನೆರಡು ವರ್ಷದಿಂದ ಮುದ್ದೆ ತಿರುವುತ್ತಿದ್ದೇನೆ, ಗಂಟಿಲ್ಲ ಎಂದು ಒಂದು ದಿನವೂ ಅಂದವರಲ್ಲ. ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ?

ಶಿರಾ ಗೇಟ್ ಹತ್ತಿರದ ಮನೆಯಲ್ಲಿ ಕೆಳಗೆ ನಾವು, ಮೇಲೆ ಸುಮನಾ ಸಂಸಾರ, ತಾರಸಿ ಇಬ್ಬರದ್ದೂ. ಯುಗಾದಿ ಕಳೆದ ಮೇಲೆ ನಮ್ಮೂರು ಹಾಗಲವಾಡಿಯಿಂದ ಬಂದ ಅತ್ತೆ, ದಾರಿಯಲ್ಲಿ ಗುಬ್ಬಿಯಲ್ಲಿ ಕೊಂಡ ಗಿಡ್ಡ ಸೂರ್ಯಕಾಂತಿ ಬೀಜವನ್ನು ಇಬ್ಬರಿಗೂ ಆರಾರು ಹಂಚಿದರು.

"ಯಾರ ಕೈಗುಣ ಹೆಂಗೈತೆ ನೋಡೇಬುಡಾನ. ಹೂ ಬುಡೋ ಹೊತ್ಗೆ ಬತ್ತೀನಿ" ಅಂದರು. ಅವರಿಗದು ತಮಾಷೆ. ನನಗಲ್ಲ. ಒಂದು ಸಲವಾದರೂ ಅವರ ಬಾಯಲ್ಲಿ ಸುಮನಾಗಿಂತ ನಾನು ಮೇಲು ಅನ್ನಿಸಿಕೊಳ್ಳಬೇಕಿತ್ತು.

ಮರುದಿನವೇ ನರ್ಸರಿಗೆ ಹೋಗಿ ವಿಚಾರಿಸಿದೆ. "ಇದು ದಿನ ಎಣಿಸಿ ಹೂ ಬುಡೋ ಜಾತಿ ಕಣಕ್ಕ. ಗಿಡ ಬೆಳೀಲಿ ಬುಡ್ಲಿ, ಐವತ್ತೈದು ದಿನಕ್ಕೆ ಹೂವೇ. ಕಿತ್ತು ನೆಟ್ರೆ ಚೇತರಿಸ್ಕೊಳ್ಳೋದ್ರಲ್ಲೇ ಅರ್ಧ ಆಯಸ್ಸು ಹೋಯ್ತದೆ" ಎಂದ ಅಲ್ಲಿಯವನು. ನಾನು ನೇರ ದೊಡ್ಡ ಕುಂಡಗಳಿಗೇ ಬೀಜ ಹಾಕಿದೆ.

ಸುಮನಾ ಪೇಪರ್ ಲೋಟಗಳಲ್ಲಿ ಹಾಕಿದ್ದಳು. ಇಪ್ಪತ್ತು ದಿನಕ್ಕೆ ಅವಳ ಸಸಿಗಳು ನನ್ನವಕ್ಕಿಂತ ದಪ್ಪಗೆ, ಹಸಿರಾಗಿ ನಿಂತಿದ್ದವು. ಅದನ್ನು ನೋಡಿ ಬಂದ ಬೆಳಿಗ್ಗೆ ನನಗೆ ಕಾಫಿ ಇಳಿಯಲಿಲ್ಲ. ಅಂಥದ್ದರಲ್ಲಿ ಅವಳೇ ಬಂದು ಕೇಳಿದಳು:

"ಅಕ್ಕ, ಇವನ್ನ ಕುಂಡಕ್ಕೆ ಬದಲಾಯಿಸ್ಲಾ, ಹಿಂಗೇ ಬಿಟ್ಬಿಡ್ಲಾ?"

ಲೋಟ ಸೀಳಿ, ಬೇರು ಅಲುಗದಂತೆ ಮಣ್ಣಿನ ಸಮೇತ ಇಳಿಸು ಅನ್ನಬೇಕಿತ್ತು. ನನಗೆ ಗೊತ್ತಿತ್ತು.

"ರಾಗಿ ಪೈರು ಕೀಳಲ್ವೇನೆ, ಹಂಗೇ ಕೀಳು" ಅಂದೆ. "ಬೇರಿನ ಮಣ್ಣೆಲ್ಲ ಒದರಿ ನೆಡು. ನಾಟಿ ಮಾಡಿದ್ ರಾಗಿ ಹೆಂಗೆ ತೆಂಡೆ ಒಡೆದು ಪೊದೆಯಾಗ್ತದೆ, ನೋಡಿಲ್ವಾ?"

ಅವಳು ತಲೆಯಾಡಿಸಿದಳು. ಸಂಜೆಯೊಳಗೆ ಆರನ್ನೂ ಕಿತ್ತು ನೆಟ್ಟಿದ್ದಳು. ಎರಡು ಸತ್ತವು, ನಾಲ್ಕು ಉಳಿದವು.

ಬೀಜ ಹಾಕಿದ ಎರಡು ತಿಂಗಳಿಗೆ ಅತ್ತೆ ಬಂದರು. ನನ್ನ ಹೂಗಳು ತಿಂಡಿ ತಟ್ಟೆಯಷ್ಟು ಅಗಲ. ಸುಮನಾಳದ್ದು ಗೇಣುದ್ದದ ಗಿಡ, ತುದಿಯಲ್ಲಿ ಕೋಟಿನ ಗುಂಡಿಯಷ್ಟು ಹೂ.

"ಪ್ರಮೀಳಾ, ನಿನ್ ಕೈಗುಣ ದೊಡ್ದು ಕಣವ್ವ" ಅಂದರು ಅತ್ತೆ. ಹನ್ನೆರಡು ವರ್ಷ ಕಾದಿದ್ದ ಮಾತು. ಅದನ್ನು ಸವಿಯುವಷ್ಟರಲ್ಲಿ ಅವರು ಆ ಕಡೆ ತಿರುಗಿದರು. "ಇದ್ಯಾಕಮ್ಮ ಸುಮನಾ ಹಿಂಗಾಗವೆ?"

"ರಾಗಿ ಪೈರಿನಂಗೆ ಕಿತ್ತು ನೆಟ್ಟೆ ಅತ್ತೆ."

ಅತ್ತೆ ಹಣೆ ಚಚ್ಚಿಕೊಂಡು ನಕ್ಕರು. "ರಾಗಿನೇ ಬೇರೆ, ಇದೇ ಬೇರೆ. ಯಾರೇ ನಿಂಗೆ ಹೇಳ್ಕೊಟ್ಟಿದ್ದು?"

ಸುಮನಾ ಒಮ್ಮೆ ನನ್ನ ಕಡೆ ನೋಡಿದಳು. ಆ ನೋಟದಲ್ಲೇ ಅವಳಿಗೆ ಎಲ್ಲ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು.

"ಯಾರೂ ಇಲ್ಲ ಅತ್ತೆ. ನಂದೇ ಬುದ್ಧಿ. ಅಕ್ಕನ್ನ ಒಂದ್ ಮಾತು ಕೇಳ್ಬೇಕಿತ್ತು."

ಅತ್ತೆ ಅವಳ ತಲೆ ಸವರಿ, ಆ ಗುಂಡಿಯಷ್ಟು ಹೂವನ್ನೇ ಕಿತ್ತು ಅವಳ ಜಡೆಗೆ ಸಿಕ್ಕಿಸಿದರು. ನನಗೆ ಆಗಲೂ ಹೊಟ್ಟೆಕಿಚ್ಚಾಯಿತು, ಹೂವಿಗಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಹೆಸರು ಹೇಳಿಬಿಡುತ್ತಿದ್ದೆ.