ಜಂಬಪ್ಪನ ತಲೆಯೊಳಗಿನ ಎಳೆ

"ತಲಿ ಹಗುರ ಹಿಡೀರಪಾ, ಅದರಾಗ ಎಳಿ ಐತಿ, ಹರದ್ಹೋದೀತು," ಎಂದ ಅಯ್ಯಣ್ಣ.

ಹೆಣ ಕೂರಿಸುತ್ತಿದ್ದವರು ಫಕ್ಕನೆ ನಕ್ಕುಬಿಟ್ಟರು. ಸತ್ತ ಜಂಬಪ್ಪನ ಹೆಂಡತಿ ಚನ್ನವೀರಮ್ಮನೂ ಸೆರಗಿನೊಳಗೆ ನಕ್ಕಳು, ನಕ್ಕದ್ದಕ್ಕೆ ಮತ್ತೆ ಅತ್ತಳು. ಅಯ್ಯಣ್ಣ ಅವಳ ತಮ್ಮ, ಮಲ್ದಕಲ್‌ನಲ್ಲಿ ಶೇಂಗಾ ಬೆಳೆಯುವವ. ಸಾವಿನ ಮನೆಯಲ್ಲೂ ಬಾಯಿ ಬಿಗಿಹಿಡಿಯುವ ಆಸಾಮಿಯಲ್ಲ. ಹೆಣಕ್ಕೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ, ಕುತ್ತಿಗೆ ವಾಲದಂತೆ ವಸ್ತ್ರ ಕಟ್ಟಿದರು. ಇನ್ನು ಕ್ರಿಯೆ ಮಾಡಿಸುವ ಅಯ್ಯನವರು ಬಂದರೆ ಮಣ್ಣಿಗೆ ಒಯ್ಯುವುದೇ.

ನಾರಾಯಣಪೇಟೆಯ ಆ ಓಣಿಯಲ್ಲಿ ಜಂಬಪ್ಪನ ಎಳೆಯ ಸುದ್ದಿ ಗೊತ್ತಿಲ್ಲದವರಿಲ್ಲ. ನೇಯುತ್ತಾ ಕುಳಿತವ ತಟ್ಟನೆ ಲಾಳಿ ಬಿಟ್ಟು ನೆತ್ತಿ ಹಿಡಿದುಕೊಳ್ಳುತ್ತಿದ್ದ. ನೆತ್ತಿಯಿಂದ ಕಿವಿಯ ಹಿಂದಿನವರೆಗೆ ಯಾರೋ ಒಳಗೊಳಗೇ ನೂಲಿನ ಎಳೆ ಎಳೆದಂತೆ ಅವನಿಗೆ. ನೋವಿಲ್ಲ, ತಲೆಸುತ್ತಿಲ್ಲ. ರಾಯಚೂರಿನ ಡಾಕ್ಟರು ತಲೆಯ ಫೋಟೋ ತೆಗೆಸಿ, "ಏನೂ ಇಲ್ಲರೀ ಯಜಮಾನ್ರ, ಭಾಳ ಮಂದಿಗೆ ಹಿಂಗ ಆಗ್ತೈತಿ," ಎಂದಿದ್ದರು. ಜಂಬಪ್ಪ ನಂಬಬೇಕಲ್ಲ! ಮಗ್ಗದ ನೂಲಿನ ಧೂಳು ಮೂಗಿನಿಂದ ಏರಿ ತಲೆಯಲ್ಲಿ ಎಳೆಯಾಗಿದೆ ಎಂಬುದೇ ಅವನ ಗಟ್ಟಿ ನಂಬಿಕೆ. ಕೊನೆಗೆ ಅವನನ್ನು ಒಯ್ದದ್ದು ಎದೆನೋವು. ತಲೆ ಕಡೆಯ ದಿನದವರೆಗೂ ನೆಟ್ಟಗಿತ್ತು.

ಬೆಳಗ್ಗೆಯೇ ಮಕ್ತಲ್‌ನಿಂದ ಬಂದಿದ್ದ ಮಗಳು ಭುವನೇಶ್ವರಿಗೆ ಮಾತ್ರ ನಗು ಬರಲಿಲ್ಲ.

*

ಮದುವೆಗೆ ಮುಂಚೆ ಅವಳು ಅಪ್ಪನ ಮಗ್ಗದ ಪಕ್ಕದ ಮಗ್ಗದಲ್ಲೇ ಕೂರುತ್ತಿದ್ದಳು. ಅವಳು ನೇಯ್ದ ಅಂಚು ನೋಡಿ ಸೀರೆ ಕೊಳ್ಳುವ ಸಾವುಕಾರನೇ "ಇದು ಯಾರ ಕೈ?" ಎಂದು ಕೇಳುತ್ತಿದ್ದ. ಒಂದು ದಿನ ಲಾಳಿ ಎಸೆಯುತ್ತಲೇ ಅಂದಳು, "ಅಪ್ಪಾ, ನನಗೂ ನೆತ್ಯಾಗ ಎಳಿ ಎಳದಂಗಾತು."

ಜಂಬಪ್ಪನ ಮುಖ ಬಿಳಿಚಿತು. "ಏಳವ್ವಾ. ನನ್ನ ತಲಿ ಕೆಟ್ಟಿದ್ದ ಸಾಕು."

"ಏನೂ ನೋಯಂಗಿಲ್ಲಪಾ!"

"ಏಳಂದ್ರ ಏಳು."

ವಾರ ತುಂಬುವುದರೊಳಗೆ ಅವಳ ಮಗ್ಗ ಬಿಚ್ಚಿ ಮಾರಿದ. ನೂಲಿನ ಗಾಳಿಯೂ ಸೋಕದ ಮನೆ ಹುಡುಕಿ, ಮಕ್ತಲ್‌ನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಕಾಂತೇಶನಿಗೆ ಅವಳನ್ನು ಕೊಟ್ಟ. ಮಗಳ ತಲೆ ಉಳಿಯಿತೆಂದು ನೆಮ್ಮದಿಪಟ್ಟ. ಆದರೆ ಬೆಲ್ಲ ತೂಗುತ್ತಾ ನಿಂತಾಗಲೂ ಅವಳಿಗೆ ಆ ಎಳೆತ ಬರುತ್ತಲೇ ಇತ್ತು. ಹೇಳಿದರೆ ಅಪ್ಪ ಎದೆ ಒಡೆದುಕೊಂಡಾನೆಂದು ಬಾಯಿ ಬಿಡಲಿಲ್ಲ. ತನ್ನ ತಲೆಯಲ್ಲೂ ಏನೋ ಬೆಳೆಯುತ್ತಿದೆ ಎಂದು ವರ್ಷಗಟ್ಟಲೆ ಒಬ್ಬಳೇ ಹೆದರಿದಳು.

*

ಅಯ್ಯನವರ ದಾರಿ ಕಾಯುತ್ತಾ ಕುಳಿತಿದ್ದಾಗ ಅಯ್ಯಣ್ಣ ರುಮಾಲು ತೆಗೆದು ನೆತ್ತಿ ಉಜ್ಜಿಕೊಂಡ.

"ಯಾಕ ಮಾಮಾ?" ಎಂದಳು ಭುವನೇಶ್ವರಿ.

"ಏನಿಲ್ಲವ್ವಾ, ಒಂದೊಂದ್ಸಲ ಇಲ್ಲಿ ಜಗ್ಗಿದಂಗಾಗ್ತೈತಿ. ಸಣ್ಣಾವಿದ್ದಾಗಿಂದ ಐತಿ."

ಅವಳು ಹತ್ತಿರ ಸರಿದಳು. "ಮಾಮಾ, ನೀವು ಯಾವಾಗರ ಮಗ್ಗದಾಗ ಕುಂತೀರೇನು?"

"ನಾನ್ಯಾಕ ಕುಂದರ್ಲಿ? ಹೊಲ ಬಿಟ್ಟು ಬ್ಯಾರೆ ಕಂಡಾವಲ್ಲ."

ಎದುರುಮನೆಯ ಸುಗುಣಮ್ಮ, ಎಮ್ಮೆ ಕಟ್ಟಿ ಹಾಲು ಮಾರುವವಳು, ತೆಲುಗು ಬೆರೆಸಿ ಬಾಯಿ ಹಾಕಿದಳು: "ನಾಕೂ ಉಂದಿ ಬಿಡ್ಡಾ, ನನಗೂ ಐತಿ! ಹಾಲು ಹಿಂಡಾಕ ಕುಂತ್ರ ನೆತ್ತಿ ಮ್ಯಾಲ ಇರಿವಿ ಹರದಂಗ ಆಗ್ತೈತಿ ನನಗ."

"ಮತ್ತ ಅಪ್ಪಗ ಯಾಕ ಹೇಳಲಿಲ್ಲ ಮಾಮಾ?"

"ಇದ್ಯಾವ ದೊಡ್ಡ ಸುದ್ದಿ ಅಂತ ಊರಿಗೆಲ್ಲಾ ಸಾರಾಕ ಹೋಗ್ಬೇಕವ್ವಾ?"

ಭುವನೇಶ್ವರಿಗೆ ಮೊದಲು ಜೀವ ಹಗುರವಾಯಿತು. ಹಿಂದೆಯೇ ಸಿಟ್ಟು ಉಕ್ಕಿ ಬಂತು. ಎದ್ದು ಹೋಗಿ ಅಪ್ಪನ ಮುಂದೆ ಕುಸಿದು ಕುಳಿತಳು.

"ಕೇಳಿದೇನಪಾ? ಹೊಲದಾಗ ದುಡಿಯೋರಿಗೂ ಐತಂತ, ಎಮ್ಮಿ ಕಾಯೋರಿಗೂ ಐತಂತ! ನಿನಗೇನೂ ಆಗಿರಲಿಲ್ಲೋ ಅಪ್ಪಾ. ನನಗೂ ಏನೂ ಆಗಿರಲಿಲ್ಲ. ನನ್ನ ಮಗ್ಗ ಯಾಕ ಮಾರಿದಿ?"

ಸತ್ತವರ ಮುಂದೆ ಹೀಗೆ ಹಾಡಿಕೊಂಡು ಅಳುವುದು ಹೊಸದಲ್ಲವಲ್ಲ, ಯಾರೂ ತಡೆಯಲಿಲ್ಲ. ಚನ್ನವೀರಮ್ಮ ಮಾತ್ರ ಅಳು ನಿಲ್ಲಿಸಿ ಮಗಳನ್ನೇ ನೋಡಿದಳು.

*

ಲಿಂಗಾಯತರಾದ ಇವರಲ್ಲಿ ಸೂತಕವಿಲ್ಲ. ಮಣ್ಣು ಕೊಟ್ಟು ಬಂದು ಕೈಕಾಲು ತೊಳೆದರೆ ಯಾವ ಕೆಲಸಕ್ಕೂ ಅಡ್ಡಿಯಿಲ್ಲ. ಸಂಜೆಯ ಬಸ್ಸಿಗೆ ಹೊರಟ ಕಾಂತೇಶ ಹೆಂಡತಿಯನ್ನು ಹುಡುಕಿಕೊಂಡು ಒಳಗೆ ಬಂದ. ಅವಳು ಅಪ್ಪನ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತಿದ್ದಳು. ಮುಂದೆ ಅರ್ಧ ನೇಯ್ದ ಸೀರೆ.

"ಮೂರು ದಿನದ ಕಾರ್ಯ ಮುಗಿಸಿ ಬಂದ್ಬಿಡು," ಎಂದ ಕಾಂತೇಶ. "ಅಂಗಡ್ಯಾಗ ನಾ ಒಬ್ಬನ ಆಗ್ತೀನಿ."

"ಈ ಸೀರಿ ನೇದು ಇಳಿಸಿ ಬರ್ತೀನಿ. ಅಷ್ಟರಾಗ ನೀವು ನಮ್ಮನ್ಯಾಗ ಒಂದು ಮಗ್ಗಕ್ಕ ಜಾಗ ಮಾಡ್ರಿ."

"ಈ ವಯಸ್ಸಿನಾಗ? ಕೈ ಮರತಿರ್ತೈತಲ್ಲ."

ಅವಳು ಲಾಳಿ ಎಸೆದಳು, ಅದು ನಡುವೆಯೇ ಸಿಕ್ಕಿಕೊಂಡಿತು. ಕಾಂತೇಶ ಏನೋ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಚನ್ನವೀರಮ್ಮ ಮೂಲೆಯ ರಾಟೆಯನ್ನು ಎಳೆದುಕೊಂಡು ಕುಳಿತು, ಮಗಳ ಲಾಳಿಗೆ ನೂಲು ಸುತ್ತತೊಡಗಿದಳು.